ಥೆರಪಿಯಲ್ಲಿ ಇನ್ನಷ್ಟು ಕುಗ್ಗಿದವರ ಲೆಕ್ಕ ಎಲ್ಲಿದೆ?

ಮನೋಚಿಕಿತ್ಸೆಯ ಪ್ರಯೋಗಗಳಿಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗಳ ಸದಸ್ಯರಿಗೆ, ಹಾಗೂ ಆ ಪ್ರಯೋಗಗಳ ವರದಿಗಳನ್ನು ಪ್ರಕಟಿಸುವ ವೈದ್ಯಕೀಯ ಮತ್ತು ಮನಶ್ಶಾಸ್ತ್ರ ಪತ್ರಿಕೆಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಖಿನ್ನತೆಗೆ ಕೊಡುವ ಯಾವುದೇ ಮಾತ್ರೆಯ ಪ್ರಯೋಗದ ವರದಿ ತೆರೆದರೂ ಅದರೊಳಗೆ ಒಂದು ಕೋಷ್ಟಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ತಲೆನೋವು ಎಷ್ಟು ಜನಕ್ಕೆ, ವಾಕರಿಕೆ ಎಷ್ಟು ಜನಕ್ಕೆ, ನಿದ್ದೆ ಕೆಟ್ಟವರು ಎಷ್ಟು, ಆಸ್ಪತ್ರೆ ಸೇರಿದವರು ಎಷ್ಟು. ಮಾತ್ರೆ ನುಂಗಿದವರಲ್ಲಿ ಇಷ್ಟು, ಹುಸಿ ಮಾತ್ರೆ ನುಂಗಿದವರಲ್ಲಿ ಇಷ್ಟು. ಅದೇ ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗದ ವರದಿ ತೆರೆಯಿರಿ. ಆ ಕೋಷ್ಟಕ ಇರಬೇಕಾದ ಜಾಗದಲ್ಲಿ ಹೆಚ್ಚೆಂದರೆ ಒಂದು ಸಾಲು: “ಗಂಭೀರ ಪ್ರತಿಕೂಲ ಘಟನೆಗಳು ಯಾವುವೂ ವರದಿಯಾಗಿಲ್ಲ.” ಬಹಳಷ್ಟು ಸಲ ಆ ಸಾಲೂ ಇರುವುದಿಲ್ಲ.

ವರದಿಯಾಗಿಲ್ಲ ಎನ್ನುವುದು ಒಂದು ಮಾತು, ಆಗಿಲ್ಲ ಎನ್ನುವುದು ಬೇರೆಯೇ ಮಾತು. ಯಾರೂ ಕೇಳದಿದ್ದರೆ ಯಾವುದೂ ವರದಿಯಾಗುವುದಿಲ್ಲ. ನಮ್ಮ ದೂರು ಇಷ್ಟೇ. ಅದನ್ನು ತಮಗೇ ಬರೆಯಲು ಕಾರಣವೂ ಇದೆ. ಈ ಮೌನಕ್ಕೆ ಎರಡು ಕಡೆ ಸಹಿ ಬೀಳುತ್ತದೆ: ಪ್ರೋಟೋಕಾಲ್ (ಪ್ರಯೋಗದ ಲಿಖಿತ ಯೋಜನೆ) ಒಪ್ಪುವಾಗ ಒಮ್ಮೆ, ಪ್ರಬಂಧ ಒಪ್ಪುವಾಗ ಇನ್ನೊಮ್ಮೆ. ಎರಡೂ ಸಹಿಗಳು ತಮ್ಮವು.

ಮೊದಲು ಅಂಕಿಗಳನ್ನೇ ನೋಡೋಣ. ಮಾನಸಿಕ ಕಾಯಿಲೆಗಳಿಗೆ ಮಾತಿನ ಚಿಕಿತ್ಸೆ ಕೊಟ್ಟ 132 ಯಾದೃಚ್ಛಿಕ ಪ್ರಯೋಗಗಳನ್ನು (ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಿಗೆ ಹಂಚುವ ಪ್ರಯೋಗಗಳನ್ನು) ತೆಗೆದುಕೊಂಡು, ಹಾನಿಯ ಬಗ್ಗೆ ಅವು ಏನು ಹೇಳುತ್ತವೆ ಎಂದು ಹುಡುಕಿದ ಒಂದು ಪರಿಶೀಲನೆ 2014ರಲ್ಲಿ ಪ್ರಕಟವಾಯಿತು. ರೋಗಿಗಳಿಗೆ ಏನಾದರೂ ಹಾನಿಯಾಯಿತೇ ಎಂದು ಗಮನಿಸಿದ ಸುಳಿವು ಸಿಕ್ಕಿದ್ದು 28ರಲ್ಲಿ, ಅಂದರೆ ಶೇ. 21ರಲ್ಲಿ. ಏನೇನಾಯಿತು ಎಂಬುದರ ಜೊತೆಗೆ ಅದನ್ನು ಹೇಗೆ ಪತ್ತೆಹಚ್ಚಿದರು ಎಂಬುದನ್ನೂ ಬರೆದಿದ್ದವು ನಾಲ್ಕೇ ನಾಲ್ಕು. ವಯಸ್ಕರ ಖಿನ್ನತೆಯ ಚಿಕಿತ್ಸೆಗಳ ಮೇಲೆ 2018ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ಚಿಕಿತ್ಸೆಯ ಅವಧಿಯಲ್ಲಿ ಎಷ್ಟು ಜನರ ಸ್ಥಿತಿ ಮೊದಲಿಗಿಂತ ಹದಗೆಟ್ಟಿತು ಎಂಬ ಸಂಖ್ಯೆಯನ್ನು ಕೊಟ್ಟಿದ್ದ ಪ್ರಯೋಗಗಳು ಶೇ. 6 ಮಾತ್ರ.

ಇದನ್ನು ಓದಿ ನಾವು ಥೆರಪಿಯ ವಿರೋಧಿಗಳು ಎಂದು ಯಾರೂ ತಿಳಿಯಬಾರದು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಎಂಬ ಸಂಶೋಧಕರು 375 ಅಧ್ಯಯನಗಳನ್ನು ಒಟ್ಟುಗೂಡಿಸಿ, ಥೆರಪಿ ಪಡೆದ ಸರಾಸರಿ ವ್ಯಕ್ತಿ ಪಡೆಯದವರಲ್ಲಿ ಮುಕ್ಕಾಲು ಪಾಲು ಜನರಿಗಿಂತ ಚೆನ್ನಾಗಿರುತ್ತಾನೆ ಎಂದು ತೋರಿಸಿದರು. ಆಮೇಲೆ ಆ ಅಂಕಿ ಸಾಕಷ್ಟು ತಗ್ಗಿದೆ. ಪ್ರಕಟವಾಗದೆ ಉಳಿದ ಪ್ರಯೋಗಗಳನ್ನು ಹುಡುಕಿ ಸೇರಿಸಿದಾಗ ಖಿನ್ನತೆಯ ಥೆರಪಿಯ ಪರಿಣಾಮ ಸುಮಾರು ಕಾಲುಭಾಗ ಕುಗ್ಗಿತು ಎಂದು 2015ರ ಒಂದು ಅಧ್ಯಯನ ತೋರಿಸಿತು. ಆದರೂ ಥೆರಪಿಯಿಂದ ಉಪಯೋಗವಿದೆ ಎಂಬ ತೀರ್ಮಾನ ಬಿದ್ದುಹೋಗಿಲ್ಲ. ಇನ್ನೂ ಹೇಳಬೇಕೆಂದರೆ, ಮೇಲೆ ಹೇಳಿದ 2018ರ ವಿಶ್ಲೇಷಣೆಯಲ್ಲೇ ಹದಗೆಟ್ಟವರ ಮಧ್ಯಾಂಕ ಥೆರಪಿ ಗುಂಪುಗಳಲ್ಲಿ ಶೇ. 4, ಹೋಲಿಕೆ ಗುಂಪುಗಳಲ್ಲಿ ಶೇ. 11. ಒಟ್ಟಾರೆಯಾಗಿ ಥೆರಪಿ ಜನರನ್ನು ಹದಗೆಡದಂತೆ ಕಾಯುತ್ತದೆ ಎಂದೇ ಇದರ ಅರ್ಥ. ಇಷ್ಟು ಒಳ್ಳೆಯ ಅಂಕಿಯನ್ನು ಮುಚ್ಚಿಡುವ ಅಗತ್ಯ ಯಾರಿಗಿದೆ? ಆದರೆ ಇದು ಲೆಕ್ಕ ಬರೆದಿಟ್ಟ ಶೇ. 6 ಪ್ರಯೋಗಗಳ ಮಾತು. ಉಳಿದ ಶೇ. 94ರಲ್ಲಿ ಏನಾಯಿತೋ ಅದನ್ನು ಈ ಅಂಕಿ ಹೇಳಲಾರದು. ಜೊತೆಗೆ, ಇಂಥ ಪ್ರಯೋಗಗಳಲ್ಲಿ ಹೋಲಿಕೆ ಗುಂಪು ಎಂದರೆ ಬಹಳಷ್ಟು ಸಲ ಸರದಿಗಾಗಿ ಕಾಯುತ್ತಿರುವವರು. ನಿಮ್ಮ ಸರದಿ ಮೂರು ತಿಂಗಳ ಮೇಲೆ ಎಂದು ಹೇಳಿಸಿಕೊಂಡು ಕಾಯುವುದೇ ಕೆಲವರನ್ನು ಕುಗ್ಗಿಸಬಹುದು ಎಂಬ ಅನುಮಾನಕ್ಕೆ ಆಧಾರವಿದೆ. ಕಾಯುವವರು ಕುಗ್ಗಿದಷ್ಟೂ ಥೆರಪಿ ಎತ್ತರವಾಗಿ ಕಾಣುತ್ತದೆ.

ಮಾತಿನಿಂದ ಏನು ಹಾನಿಯಾದೀತು ಎಂಬ ಪ್ರಶ್ನೆ ಇನ್ನೂ ಕೇಳಿಬರುತ್ತದೆ. ಅದಕ್ಕೆ ಉತ್ತರ ಸಿಕ್ಕು ದಶಕಗಳೇ ಕಳೆದಿವೆ. ಅಮೆರಿಕದ ಮಸಾಚುಸೆಟ್ಸ್‌ನ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಪಟ್ಟಣಗಳಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ಯೋಜಿಸಿದ ಅಧ್ಯಯನ 1939ರಲ್ಲಿ ಶುರುವಾಯಿತು. 506 ಹುಡುಗರು. ವಯಸ್ಸು, ಮನೆಯ ಪರಿಸ್ಥಿತಿ, ಸ್ವಭಾವ ನೋಡಿ ಇಬ್ಬಿಬ್ಬರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ ಒಬ್ಬನನ್ನು ಕಾರ್ಯಕ್ರಮಕ್ಕೆ ಸೇರಿಸಿದರು, ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಸೇರಿದವನ ಮನೆಗೆ ಸಮಾಲೋಚಕರು ತಿಂಗಳಿಗೆ ಸುಮಾರು ಎರಡು ಸಲ ಬರುತ್ತಿದ್ದರು. ಪಾಠ ಹೇಳಿಕೊಟ್ಟರು, ವೈದ್ಯರಲ್ಲಿಗೆ ಕಳಿಸಿದರು, ಬೇಸಿಗೆ ಶಿಬಿರಕ್ಕೆ ಕರೆದೊಯ್ದರು. ಇದು ಸರಾಸರಿ ಐದು ವರ್ಷ ನಡೆಯಿತು. ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿ ತೆಗೆದು, ಕೋರ್ಟು, ಆಸ್ಪತ್ರೆ, ಮರಣ ದಾಖಲೆಗಳನ್ನು ತಾಳೆ ನೋಡಿ 1978ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಅಪರಾಧ, ಕುಡಿತದ ಚಟದ ಲಕ್ಷಣ, ತೀವ್ರ ಮಾನಸಿಕ ಕಾಯಿಲೆ, ಬೇಗ ಸಾವು: ಇವೆಲ್ಲದರಲ್ಲೂ ಸಹಾಯ ಪಡೆದವರೇ ಪಡೆಯದವರಿಗಿಂತ ಹಿಂದೆ ಬಿದ್ದಿದ್ದರು.

ಆ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. ಕಾರ್ಯಕ್ರಮದಿಂದ ನಿಮಗೆ ಉಪಯೋಗವಾಯಿತೇ ಎಂದು ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಹೌದು, ಆಯಿತು ಎಂದಿದ್ದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಸಮಾಲೋಚಕರ ಬಗ್ಗೆ ಅವರಿಗೆ ಪ್ರೀತಿಯಿತ್ತು. ಹೋಲಿಕೆ ಗುಂಪು ಇಲ್ಲದಿದ್ದರೆ, ದಾಖಲೆ ಹುಡುಕುವ ತಾಳ್ಮೆ ಒಬ್ಬರಿಗಾದರೂ ಇಲ್ಲದಿದ್ದರೆ, ಈ ಕಾರ್ಯಕ್ರಮ ಯಶಸ್ವಿ ಎಂದೇ ಪುಸ್ತಕ ಸೇರುತ್ತಿತ್ತು. ಇವತ್ತಿಗೂ ನಮ್ಮ ಎದುರಿಗೆ ಬರುವ ಪ್ರೋಟೋಕಾಲ್‌ಗಳಲ್ಲಿ “ಸುರಕ್ಷತೆ” ಎಂಬ ಶೀರ್ಷಿಕೆಯ ಕೆಳಗೆ ಕೆಲವು ಸಲ ತೃಪ್ತಿಯ ಪ್ರಶ್ನಾವಳಿಯನ್ನೇ ತೂರಿಸಿರುತ್ತಾರೆ. ಮೆಕಾರ್ಡ್ ಅವರ ಕೋಷ್ಟಕ ನೋಡಿದವರು ಆ ತಪ್ಪು ಮಾಡಲಾರರು.

ಎರಡನೆಯ ಉದಾಹರಣೆ ಡಿಬ್ರೀಫಿಂಗ್. ಅಪಘಾತ, ಬೆಂಕಿ, ದಾಳಿಗೆ ಸಿಕ್ಕವರನ್ನು ಕೆಲವೇ ದಿನಗಳೊಳಗೆ ಕೂರಿಸಿ, ಆದದ್ದನ್ನೆಲ್ಲ ಒಂದೇ ಸೆಷನ್‌ನಲ್ಲಿ ಹೇಳಿಸುವ ಪದ್ಧತಿ. ಮನಸ್ಸಿನ ಭಾರ ಇಳಿಯುತ್ತದೆ ಎಂಬ ನಂಬಿಕೆ. ಸುಟ್ಟಗಾಯದವರ ಮೇಲೆ ನಡೆದ ಒಂದು ಯಾದೃಚ್ಛಿಕ ಪ್ರಯೋಗ 1997ರಲ್ಲಿ ಪ್ರಕಟವಾಯಿತು. 13 ತಿಂಗಳ ನಂತರ ಆಘಾತೋತ್ತರ ಒತ್ತಡದ ಕಾಯಿಲೆ ಇದ್ದವರು ಡಿಬ್ರೀಫಿಂಗ್ ಗುಂಪಿನಲ್ಲಿ ಶೇ. 26, ಇನ್ನೊಂದರಲ್ಲಿ ಶೇ. 9. ಚೀಟಿ ಎತ್ತಿದ್ದರೂ ಡಿಬ್ರೀಫಿಂಗ್ ಗುಂಪಿಗೆ ಹೆಚ್ಚು ತೀವ್ರ ಗಾಯದವರು ಬಿದ್ದಿದ್ದರು, ಹಾಗಾಗಿ ಈ ವ್ಯತ್ಯಾಸವನ್ನೆಲ್ಲ ಚಿಕಿತ್ಸೆಯ ಲೆಕ್ಕಕ್ಕೆ ಬರೆಯಲಾಗದು. ಆದರೆ 2000ರಲ್ಲಿ ರಸ್ತೆ ಅಪಘಾತದವರ ಮೇಲಿನ ಪ್ರಯೋಗದ ಮೂರು ವರ್ಷದ ಫಲಿತಾಂಶ ಬಂದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಮೊದಲೇ ಹೆಚ್ಚು ನಲುಗಿದ್ದವರಲ್ಲಿ, ಡಿಬ್ರೀಫಿಂಗ್ ಆಗದವರು ತಾವಾಗಿ ಚೇತರಿಸಿಕೊಂಡಿದ್ದರು. ಆದವರು ಅಲ್ಲೇ ಉಳಿದಿದ್ದರು. ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2002ರ ಪರಿಶೀಲನೆ, ಕಡ್ಡಾಯ ಡಿಬ್ರೀಫಿಂಗ್ ನಿಲ್ಲಬೇಕು ಎಂದು ನೇರವಾಗಿ ಬರೆಯಿತು. ಇಲ್ಲಿ ಗಮನಿಸಬೇಕಾದದ್ದು, ಹಾನಿ ತಟ್ಟಿದ್ದು ಸರಾಸರಿ ವ್ಯಕ್ತಿಗೆ ಅಲ್ಲ, ಅತ್ಯಂತ ದುರ್ಬಲ ಸ್ಥಿತಿಯಲ್ಲಿ ಬಂದವರಿಗೆ. ಅದು ಕಂಡದ್ದು ಮೂರು ವರ್ಷ ಹಿಂಬಾಲಿಸಿದ್ದಕ್ಕೆ.

ಇದೆಲ್ಲ ಹಳೆಯ ಕಥೆ ಎನ್ನುವವರಿಗೆ 2022ರ ಮಾತು. ಬ್ರಿಟನ್ನಿನ 80ಕ್ಕೂ ಹೆಚ್ಚು ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ನಡೆದ ‘ಮಿರಿಯಡ್’ ಪ್ರಯೋಗದಲ್ಲಿ, ಎಲ್ಲ ಮಕ್ಕಳಿಗೂ ತರಗತಿಯಲ್ಲೇ, ಈ ಕ್ಷಣದ ಮೇಲೆ ಗಮನ ನಿಲ್ಲಿಸುವ ಅಭ್ಯಾಸವಾದ ಮೈಂಡ್‌ಫುಲ್‌ನೆಸ್ ಕಲಿಸಿದ್ದರಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಮೊದಲೇ ಅಪಾಯದ ಅಂಚಿನಲ್ಲಿದ್ದ ಮಕ್ಕಳಲ್ಲಿ ಸ್ವಲ್ಪ ಕೆಡುಕಿನ ಸೂಚನೆಯೇ ಸಿಕ್ಕಿತು. ಆಸ್ಟ್ರೇಲಿಯಾದಲ್ಲಿ ಸಾವಿರಕ್ಕೂ ಹೆಚ್ಚು ಹದಿಹರೆಯದವರಿಗೆ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಪದ್ಧತಿ) ಆಧಾರಿತ ಪಾಠ ಕೊಟ್ಟು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಪಾಠ ಮುಗಿದಾಗ ಖಿನ್ನತೆ, ಆತಂಕ ಹೋಲಿಕೆ ಗುಂಪಿಗಿಂತ ಹೆಚ್ಚಿದ್ದವು. ಅಪ್ಪ-ಅಮ್ಮನ ಜೊತೆಗಿನ ಸಂಬಂಧವೂ ಕೆಟ್ಟಿತ್ತು, ಆರು ತಿಂಗಳಾದ ಮೇಲೂ ಅದು ಸುಧಾರಿಸಿರಲಿಲ್ಲ. ಈ ಎರಡೂ ತಂಡಗಳು ತಮಗೆ ಇಷ್ಟವಿಲ್ಲದ ಫಲಿತಾಂಶವನ್ನು ಬಚ್ಚಿಡದೆ ಬರೆದವು. ಅವರಿಗೆ ನಮ್ಮ ಗೌರವ ಸಲ್ಲುತ್ತದೆ.

ಹಾನಿ ಹೇಗೆ ಕಣ್ಮರೆಯಾಗುತ್ತದೆ ಎಂಬುದನ್ನು ಈಗ ಹತ್ತಿರದಿಂದ ನೋಡೋಣ. ಯಾರೂ ಮೋಸ ಮಾಡಬೇಕಾಗಿಲ್ಲ. ಲೆಕ್ಕದ ಪದ್ಧತಿಯೇ ಆ ಕೆಲಸ ಮಾಡಿಬಿಡುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಥೆರಪಿ ಗುಂಪಿನಲ್ಲಿ 50 ಜನ. 44 ಜನರ ಖಿನ್ನತೆಯ ಅಂಕ 8ರಷ್ಟು ಇಳಿಯಿತು, 6 ಜನರದು 7ರಷ್ಟು ಏರಿತು ಎಂದುಕೊಳ್ಳೋಣ. ಸರಾಸರಿ ಇಳಿಕೆ 6.2. ವರದಿಯ ಸಾರಾಂಶಕ್ಕೆ ಹೋಗುವುದು ಈ 6.2 ಮಾತ್ರ. ನೂರಕ್ಕೆ ಹನ್ನೆರಡು ಜನ ಬಂದದ್ದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಮನೆಗೆ ಹೋದರು ಎಂಬ ಸಂಗತಿ ಆ ಒಂದು ದಶಮಾಂಶದೊಳಗೆ ಹೂತುಹೋಗಿದೆ.

ಹದಗೆಟ್ಟವರನ್ನು ಎಣಿಸುತ್ತೇವೆ ಎನ್ನುವ ತಂಡಗಳೂ ಅಳತೆಗೋಲಿನ ಮಿತಿಗೆ ಸಿಕ್ಕಿಬೀಳುತ್ತವೆ. ಪಿಎಚ್‌ಕ್ಯೂ-9 ಖಿನ್ನತೆ ಅಳೆಯುವ, ಎಲ್ಲರಿಗೂ ಗೊತ್ತಿರುವ ಪ್ರಶ್ನಾವಳಿ: ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಅಳತೆಯ ಸಹಜ ಏರಿಳಿತವನ್ನು ಮೀರಿದ್ದು ಎನ್ನಲು ಎಷ್ಟು ಅಂಕ ಬದಲಾಗಬೇಕು ಎಂಬುದಕ್ಕೆ ಜೇಕಬ್‌ಸನ್ ಮತ್ತು ಟ್ರೂಯಾಕ್ಸ್ 1991ರಲ್ಲೇ ಸೂತ್ರ ಕೊಟ್ಟಿದ್ದಾರೆ. ಮಾನಕ ವಿಚಲನೆ (ಜನರ ಅಂಕಗಳ ಚದುರುವಿಕೆ) 5.5, ವಿಶ್ವಾಸಾರ್ಹತೆ (ಅಳತೆ ಎಷ್ಟು ನಂಬಲರ್ಹ ಎಂಬುದು) 0.85 ಎಂದಿಟ್ಟುಕೊಂಡರೆ ಅಳತೆಯ ದೋಷ ಸುಮಾರು 2.1, ಎರಡು ಅಳತೆಗಳ ವ್ಯತ್ಯಾಸದ ದೋಷ 3, ಅದನ್ನು 1.96ರಿಂದ ಗುಣಿಸಿದರೆ 5.9. ಅಂದರೆ 6 ಅಂಕ. ಇಂಗ್ಲೆಂಡಿನ ಸಾರ್ವಜನಿಕ ಥೆರಪಿ ಸೇವೆಯೂ ಇದೇ 6ನ್ನು ಬಳಸುತ್ತದೆ. ಈಗ 23 ಅಂಕದೊಂದಿಗೆ ಬಂದ ವ್ಯಕ್ತಿಯನ್ನು ನೆನೆಯಿರಿ. ಆಕೆಯ ಸ್ಥಿತಿ ಎಷ್ಟೇ ಕೆಟ್ಟರೂ ಅಂಕ ಏರಬಹುದಾದದ್ದು ನಾಲ್ಕು ಮಾತ್ರ. ಈ ಅಳತೆಗೋಲಿನಲ್ಲಿ ಆಕೆ ಎಂದಿಗೂ ‘ಹದಗೆಟ್ಟವಳು’ ಆಗಲಾರಳು. 22 ಮತ್ತು ಅದಕ್ಕಿಂತ ಹೆಚ್ಚು ಅಂಕದೊಂದಿಗೆ ಬಂದ ಪ್ರತಿಯೊಬ್ಬರ ಕಥೆಯೂ ಇದೇ. ಡಿಬ್ರೀಫಿಂಗ್‌ನಲ್ಲಿ ಹಾನಿ ಯಾರಿಗೆ ತಟ್ಟಿತ್ತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಅತಿ ಹೆಚ್ಚು ಅಪಾಯದಲ್ಲಿರುವವರೇ ಈ ಎಣಿಕೆಯಿಂದ ತಾನಾಗಿ ಹೊರಗುಳಿಯುತ್ತಾರೆ.

ನಡುವೆ ಬಿಟ್ಟುಹೋದವರದು ಇನ್ನೊಂದು ಸೋರಿಕೆ. 669 ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯ ಪ್ರಕಾರ ಥೆರಪಿಯನ್ನು ಅರ್ಧಕ್ಕೆ ಬಿಡುವವರು ನೂರಕ್ಕೆ ಸುಮಾರು ಇಪ್ಪತ್ತು. ಊರು ಬದಲಾಯಿಸಿದವರು, ಗುಣವಾಯಿತೆಂದು ಬಿಟ್ಟವರು ಇದರಲ್ಲಿದ್ದಾರೆ. ತಾಳಲಾರದೆ ಬಿಟ್ಟವರೂ ಇದ್ದಾರೆ. ಮೂರನೆಯ ವಾರ ಪ್ರಶ್ನಾವಳಿ ತುಂಬಿ, ನಾಲ್ಕನೆಯ ವಾರ ಕುಸಿದು, ಐದನೆಯ ವಾರ ಬರುವುದನ್ನೇ ನಿಲ್ಲಿಸಿದವರ ವಿಷಯದಲ್ಲಿ ಲೆಕ್ಕಕ್ಕೆ ಸಿಗುವುದು ಮೂರನೆಯ ವಾರದ ಅಂಕ. ಕೊನೆಯ ಅಂಕವನ್ನೇ ಮುಂದಕ್ಕೆ ಎಳೆದುಕೊಳ್ಳುವ ಹಳೆಯ ಪದ್ಧತಿಯಲ್ಲಿ ಅವರು ಕುಸಿಯುವ ಮುಂಚಿನ ಸ್ಥಿತಿಯಲ್ಲೇ ಪ್ರಯೋಗ ‘ಮುಗಿಸುತ್ತಾರೆ’. ಪೂರ್ತಿ ಮಾಡಿದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಅಷ್ಟೂ ಇಲ್ಲ.

ಥೆರಪಿಸ್ಟರನ್ನೇ ಕೇಳಿದರೆ ಆಗದೇ ಎಂದು ಕೆಲವು ಪ್ರೋಟೋಕಾಲ್‌ಗಳು ಭಾವಿಸುತ್ತವೆ. ಆಗದು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 550 ಜನ ಚಿಕಿತ್ಸಾರ್ಥಿಗಳ ಬಗ್ಗೆ, ಯಾರ ಸ್ಥಿತಿ ಹದಗೆಡಬಹುದು ಹೇಳಿ ಎಂದು ಅವರವರ ಥೆರಪಿಸ್ಟರನ್ನೇ ಕೇಳಲಾಯಿತು. ಸಾಮಾನ್ಯವಾಗಿ ನೂರಕ್ಕೆ ಎಂಟು ಜನ ಹದಗೆಡುತ್ತಾರೆ ಎಂಬುದನ್ನು ಮೊದಲೇ ತಿಳಿಸಲಾಗಿತ್ತು. ಅವರು ಹೆಸರಿಸಿದ್ದು ಮೂವರನ್ನು. ನಿಜವಾಗಿ ಹದಗೆಟ್ಟವರು 40. ಹೆಸರಿಸಿದ ಮೂವರಲ್ಲಿ ಸರಿಹೋದದ್ದು ಒಂದೇ ಒಂದು. 129 ವೃತ್ತಿಪರರನ್ನು ಕೇಳಿದ 2012ರ ಸಮೀಕ್ಷೆಯಲ್ಲಿ ಕೌಶಲದಲ್ಲಿ ತಾನು ಸರಾಸರಿಗಿಂತ ಕೆಳಗಿದ್ದೇನೆ ಎಂದವರು ಒಬ್ಬರೂ ಇರಲಿಲ್ಲ. ಇದನ್ನು ಅಹಂಕಾರ ಎಂದು ತಳ್ಳಿಹಾಕುವುದು ಸರಿಯಲ್ಲ. ಕೆಟ್ಟುಹೋದವರು ಥೆರಪಿಸ್ಟರ ಮುಂದೆ ಕುಳಿತು ನೀವು ನನ್ನನ್ನು ಕೆಡಿಸಿದಿರಿ ಎನ್ನುವುದಿಲ್ಲ. ಮುಂದಿನ ವಾರದಿಂದ ಬರುವುದಿಲ್ಲ, ಅಷ್ಟೇ. ಕಾಣದೇ ಇದ್ದದ್ದನ್ನು ಯಾರು ತಾನೇ ಎಣಿಸಿಯಾರು?

ಕೇಳುವ ಬಗೆಯೂ ಲೆಕ್ಕವನ್ನು ಬದಲಿಸುತ್ತದೆ. ‘ಏನಾದರೂ ತೊಂದರೆಯಾಯಿತೇ?’ ಎಂಬ ಒಂದು ಸಾಮಾನ್ಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವೇ ಹೆಚ್ಚು. ಮೈಂಡ್‌ಫುಲ್‌ನೆಸ್ ಆಧಾರಿತ ಎಂಟು ವಾರದ ಕಾರ್ಯಕ್ರಮ ಮುಗಿಸಿದ 96 ಜನರನ್ನು ನಿದ್ದೆ, ಭಯ, ಹಳೆಯ ನೋವಿನ ಮರುಕಳಿಕೆ, ಭಾವನೆಯೇ ಮರಗಟ್ಟುವುದು ಎಂದು ಒಂದೊಂದಾಗಿ ಹೆಸರಿಟ್ಟು ಕೇಳಿದಾಗ ಶೇ. 83 ಜನ ಕನಿಷ್ಠ ಒಂದು ಅಡ್ಡಪರಿಣಾಮ ಹೇಳಿದರು. ಇದು 2021ರ ಅಧ್ಯಯನ. ಬಹುಪಾಲು ಕ್ಷಣಿಕ, ನಿರುಪದ್ರವಿ. ಅದರಿಂದ ಕಾರ್ಯಕ್ರಮ ಕೆಟ್ಟದ್ದೆಂದು ಅರ್ಥವಲ್ಲ. ಆದರೆ ಬಹಳ ಕಾಲ ಉಳಿದ ಕೆಟ್ಟ ಪರಿಣಾಮ ಎಂದವರೂ, ಲೆಕ್ಕ ಹಾಕುವ ಬಗೆಗೆ ತಕ್ಕಂತೆ, ಶೇ. 6ರಿಂದ 14ರಷ್ಟಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 14,587 ಜನ ಉತ್ತರಿಸಿದ 2016ರ ಸಮೀಕ್ಷೆಯಲ್ಲಿ ಬಹಳ ಕಾಲ ಉಳಿದ ಕೆಟ್ಟ ಪರಿಣಾಮ ಎಂದವರು 763, ಅಂದರೆ ಶೇ. 5.2. ಸುಮಾರು ಇಪ್ಪತ್ತರಲ್ಲಿ ಒಬ್ಬರು.

ಈ ಇಪ್ಪತ್ತರಲ್ಲಿ ಒಬ್ಬರನ್ನು ಸಣ್ಣ ಪ್ರಯೋಗ ಹಿಡಿಯಬಲ್ಲದೇ? ಶೇ. 5ರ ಹಾನಿಯಿದ್ದರೂ 40 ಜನರ ಗುಂಪಿನಲ್ಲಿ ಒಬ್ಬರೂ ಕಾಣದೇ ಹೋಗುವ ಸಾಧ್ಯತೆ ಸುಮಾರು ಶೇ. 13. ಸಂಖ್ಯಾಶಾಸ್ತ್ರದವರು ಬಾಯಲ್ಲೇ ಹೇಳುವ ‘ಮೂರರ ನಿಯಮ’ ಇನ್ನೂ ಸುಲಭ: n ಜನರಲ್ಲಿ ಒಂದೂ ಘಟನೆ ಕಾಣದಿದ್ದರೆ ನಿಜವಾದ ದರ ಹೆಚ್ಚೆಂದರೆ 3/n ಇರಬಹುದು. 30 ಜನರಲ್ಲಿ ಸೊನ್ನೆ ಎಂದರೆ, ಶೇ. 10ರವರೆಗೂ ಇರಬಹುದು ಎಂದರ್ಥ. ಇದನ್ನು ‘ಸುರಕ್ಷಿತ’ ಎಂದು ಬರೆಯಲು ಯಾರಿಗೂ ಅಧಿಕಾರವಿಲ್ಲ.

ಇನ್ನು ‘ಗಂಭೀರ ಪ್ರತಿಕೂಲ ಘಟನೆ’ ಎಂಬ ಪದ. ಅದು ಔಷಧ ಪ್ರಯೋಗದಿಂದ ಎರವಲು ಬಂದದ್ದು: ಸಾವು, ಪ್ರಾಣಾಪಾಯ, ಆಸ್ಪತ್ರೆವಾಸ, ಶಾಶ್ವತ ಅಂಗವೈಕಲ್ಯ, ಹುಟ್ಟಿನ ನ್ಯೂನತೆ. ಅಣುವಿಗೆ ಹೊಂದುವ ಈ ಪಟ್ಟಿ ಮಾತಿಗೆ ಹೊಂದುವುದಿಲ್ಲ. ಥೆರಪಿಸ್ಟರನ್ನು ಕೇಳದೆ ಯಾವ ತೀರ್ಮಾನವನ್ನೂ ಮಾಡಲಾಗದ ಅವಲಂಬನೆ, ಸೆಷನ್‌ಗಳ ನಡುವೆ ಮುರಿದುಬಿದ್ದ ಸಂಬಂಧ, ಎಂದೂ ನಡೆಯದ ಘಟನೆಯ ‘ನೆನಪು’, ಇದೂ ಫಲಿಸಲಿಲ್ಲ ಎಂದರೆ ನನಗೆ ಯಾವುದೂ ಫಲಿಸದು ಎಂಬ ಹತಾಶೆ: ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಆ ಪಟ್ಟಿ ಖಾಲಿ ಉಳಿಯುವುದರಲ್ಲಿ ಅಚ್ಚರಿಯಿಲ್ಲ.

ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ರ ಆಗಸ್ಟ್ ಸಾಕ್ಷಿ. ಅಮಲು ತರುವ ಎಂಡಿಎಂಎ ಔಷಧ ಮತ್ತು ಥೆರಪಿಯನ್ನು ಬೆಸೆದ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಗ ಅನುಮತಿ ನಿರಾಕರಿಸಿತು. ಎತ್ತಿದ ಹಲವು ಆಕ್ಷೇಪಗಳಲ್ಲಿ ಒಂದು: ಔಷಧದ ಅಮಲಿಗೆ ಸಂಬಂಧಿಸಿದ, ಉಲ್ಲಾಸದಂಥ ಪರಿಣಾಮಗಳು ‘ಒಳ್ಳೆಯವು’ ಎಂದುಕೊಂಡು ಪ್ರತಿಕೂಲ ಘಟನೆಗಳ ಲೆಕ್ಕಕ್ಕೇ ಬರೆದಿರಲಿಲ್ಲ. ದುರುಪಯೋಗದ ಅಪಾಯ ಅಳೆಯಲು ಬೇಕಾದದ್ದೇ ಆ ಮಾಹಿತಿ. ಅದೇ ತಿಂಗಳು, ಹಿಂದಿನ ಹಂತದ ಮೂರು ಪ್ರಬಂಧಗಳನ್ನು ಪತ್ರಿಕೆಯೊಂದು ಹಿಂತೆಗೆದುಕೊಂಡಿತು; ಒಂದು ಕೇಂದ್ರದಲ್ಲಿ ನಡೆದ ಅನೈತಿಕ ವರ್ತನೆ ಅದಕ್ಕೆ ಕಾರಣ. ಹೊಸ ಚಿಕಿತ್ಸೆಯೊಂದರ ಮೇಲೆ ವರ್ಷಗಟ್ಟಲೆ ಮಾಡಿದ ಕೆಲಸ, ಬರೆಯಬೇಕಾದ್ದನ್ನು ಬರೆಯದೇ ಹೋದದ್ದರಿಂದಲೂ ಅನುಮಾನಕ್ಕೆ ಸಿಲುಕಿತು.

ನಮಗೆ ಎದುರಾಗುವ ಆಕ್ಷೇಪಗಳೂ ಇವೆ. ನೋವು ಥೆರಪಿಯ ಭಾಗ, ಅದನ್ನೆಲ್ಲ ಹಾನಿ ಎನ್ನಲಾದೀತೇ? ಆಗದು, ನಿಜ. ಆಘಾತದ ನೆನಪನ್ನು ಎದುರಿಸುವ ಎಕ್ಸ್‌ಪೋಶರ್ ಚಿಕಿತ್ಸೆಯಲ್ಲಿ ಕೆಲವರ ಲಕ್ಷಣಗಳು ಶುರುವಿನಲ್ಲಿ ಏರುತ್ತವೆ. ಹಾಗೆ ಏರಿದವರೂ ಕೊನೆಗೆ ಉಳಿದವರಷ್ಟೇ ಗುಣ ಕಂಡರು ಎಂದು 2002ರ ಅಧ್ಯಯನ ತೋರಿಸಿದೆ. ಆದರೆ ಇದು ಗೊತ್ತಾದದ್ದು ಆ ಏರಿಕೆಯನ್ನು ಅಳೆದು ಬರೆದಿಟ್ಟದ್ದರಿಂದ. ಅಳೆಯದಿದ್ದರೆ ಕ್ಷಣಿಕ ನೋವು ಯಾವುದು, ಉಳಿಯುವ ಹಾನಿ ಯಾವುದು ಎಂದು ಬೇರ್ಪಡಿಸುವುದು ಹೇಗೆ? ಹಾನಿಯ ಬಗ್ಗೆ ಕೇಳಿದರೆ ಇಲ್ಲದ ಹಾನಿ ಹುಟ್ಟುತ್ತದೆ ಎಂಬುದು ಎರಡನೆಯದು. ಮೇಲೆ ಹೇಳಿದ 2016ರ ಸಮೀಕ್ಷೆಯಲ್ಲಿ, ಚಿಕಿತ್ಸೆ ಶುರುವಾಗುವ ಮುಂಚೆ ಸಾಕಷ್ಟು ಮಾಹಿತಿ ಸಿಕ್ಕಿತ್ತು ಎಂದವರಲ್ಲಿ ಕೆಟ್ಟ ಪರಿಣಾಮ ಕಡಿಮೆಯಿತ್ತು. ತಾವು ಪಡೆದದ್ದು ಯಾವ ಬಗೆಯ ಥೆರಪಿ ಎಂದೇ ತಿಳಿಯದವರಲ್ಲಿ ಹೆಚ್ಚಿತ್ತು. ಇದು ಕಾರಣ ಎಂದು ಒಂದು ಸಮೀಕ್ಷೆಯಿಂದ ಹೇಳಲಾಗದು. ತಿಳಿಸಿ ಹೇಳಿದರೆ ಕೆಡುತ್ತಾರೆ ಎಂಬ ಭಯಕ್ಕಂತೂ ಇದು ಇಂಬು ಕೊಡುವುದಿಲ್ಲ. ಖರ್ಚು, ಸಮಯ ಎಂಬ ಮೂರನೆಯ ಆಕ್ಷೇಪಕ್ಕೆ ನಾವು ಹೆಚ್ಚು ಬೆಲೆ ಕೊಡಲಾರೆವು.

ನಿಯಮ ಇಲ್ಲವೆಂದೇನೂ ಅಲ್ಲ. ಪ್ರಯೋಗದ ವರದಿ ಹೇಗಿರಬೇಕೆಂದು ಹೇಳುವ ಕನ್ಸಾರ್ಟ್ ಮಾರ್ಗಸೂಚಿಗೆ ಹಾನಿಗಳ ಕುರಿತ ಅನುಬಂಧ 2004ರಲ್ಲೇ ಬಂದಿದೆ, ಆಮೇಲೆ ಪರಿಷ್ಕರಣೆಯೂ ಆಗಿದೆ. ಹಾನಿ ಎಂದರೇನೆಂದು ಹೇಗೆ ನಿರ್ಧರಿಸಿದಿರಿ, ಹೇಗೆ ಅಳೆದಿರಿ ಎಂದು ಕನ್ಸಾರ್ಟ್ 2025 ಕೇಳುತ್ತದೆ. ಕೇಳುವುದು ಮಾರ್ಗಸೂಚಿ, ಉತ್ತರ ಬಂತೇ ಎಂದು ನೋಡಬೇಕಾದವರು ತಾವು.

ಆದ್ದರಿಂದ ಎಥಿಕ್ಸ್ ಕಮಿಟಿಗಳಲ್ಲಿ ನಮ್ಮ ಕೋರಿಕೆ ಇದು. ಎಷ್ಟು ಅಂಕ ಇಳಿದರೆ ‘ಸುಧಾರಣೆ’ ಎಂದು ಪ್ರೋಟೋಕಾಲ್ ಮೊದಲೇ ಹೇಳಿದೆಯೋ, ಅಷ್ಟೇ ಅಂಕ ಏರಿದರೆ ‘ಹದಗೆಟ್ಟಿದೆ’ ಎಂದೂ ಮೊದಲೇ ಹೇಳಿರಬೇಕು. ಅಳತೆಗೋಲಿನ ತುದಿಯಲ್ಲಿರುವವರಿಗೆ ಬೇರೆ ಮಾನದಂಡ ಇರಬೇಕು: ಹೊಸದಾಗಿ ಆತ್ಮಹತ್ಯೆಯ ಯೋಚನೆ, ತನ್ನನ್ನು ತಾನು ಗಾಯಗೊಳಿಸಿಕೊಂಡದ್ದು, ಕೆಲಸ ಅಥವಾ ಓದು ಬಿಟ್ಟದ್ದು, ಮಾತ್ರೆಯ ಪ್ರಮಾಣ ಏರಿಸಬೇಕಾಗಿ ಬಂದದ್ದು. 2016ರಲ್ಲಿ ಪ್ರಕಟವಾದ ‘ನೆಗೆಟಿವ್ ಎಫೆಕ್ಟ್ಸ್ ಕ್ವೆಶ್ಚನೇರ್’ನಲ್ಲಿ 32 ಹೇಳಿಕೆಗಳಿವೆ. ಹಾಗಾಯಿತೇ, ಎಷ್ಟು ಬಾಧಿಸಿತು, ಚಿಕಿತ್ಸೆಯಿಂದಲೋ ಬೇರೆ ಕಾರಣದಿಂದಲೋ ಎಂದು ಪ್ರತಿ ಹೇಳಿಕೆಗೂ ಕೇಳುತ್ತದೆ. ಅದನ್ನೋ ಅಂಥದ್ದನ್ನೋ ನಡುವಿನಲ್ಲಿ ಒಮ್ಮೆ, ಮುಗಿದಾಗ ಒಮ್ಮೆ, ಆರು ತಿಂಗಳ ಮೇಲೆ ಒಮ್ಮೆ ಕೊಡಿಸಿ. ಚಿಕಿತ್ಸೆಯಿಂದಲೋ ಎಂಬ ಭಾಗವನ್ನು ಬಿಟ್ಟು ಉಳಿದದ್ದನ್ನು ಕಾಯುವ ಗುಂಪಿಗೂ ಕೊಡಿಸಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಕೇಳುವವರು ಥೆರಪಿಸ್ಟರಾಗಿರಬಾರದು, ಯಾರು ಯಾವ ಗುಂಪಿನವರೆಂದು ಅವರಿಗೆ ತಿಳಿದಿರಬಾರದು. ಬಿಟ್ಟುಹೋದವರಿಗೆ ಎರಡು ವಾರದೊಳಗೆ ಒಂದು ಫೋನ್ ಹೋಗಬೇಕು, ಏಕೆ ಬಿಟ್ಟಿರಿ, ಈಗ ಹೇಗಿದ್ದೀರಿ ಎಂದು ಕೇಳಲು. ಅದಕ್ಕೆ ಒಪ್ಪಿಗೆಯನ್ನು ಸೇರುವಾಗಲೇ ಪಡೆದಿರಬೇಕು.

ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆಯಲ್ಲದ ಉತ್ತರ ಬಂದರೆ ಎಷ್ಟು ಗಂಟೆಯೊಳಗೆ ಯಾರು ನೋಡುತ್ತಾರೆ ಎಂಬುದು ಪ್ರೋಟೋಕಾಲ್‌ನಲ್ಲಿ ಬರೆದಿರಬೇಕು. ಆನ್‌ಲೈನ್ ಫಾರಂಗಳಲ್ಲಿ ಆ ಉತ್ತರ ಡೇಟಾಬೇಸಿಗೆ ಬಿದ್ದು, ವಿಶ್ಲೇಷಣೆಯ ದಿನದವರೆಗೂ ಯಾರ ಕಣ್ಣಿಗೂ ಬೀಳದಂಥ ವ್ಯವಸ್ಥೆಗೆ ಅನುಮತಿ ಕೊಡಬೇಡಿ. ಚಾಟ್‌ಬಾಟ್ ಥೆರಪಿಯ ಪ್ರಯೋಗಗಳು ಈಗ ತಮ್ಮ ಮೇಜಿಗೆ ಬರುತ್ತಿರುವುದರಿಂದ ಇದು ಇನ್ನಷ್ಟು ಮುಖ್ಯ. ಯಂತ್ರದ ಉತ್ತರವನ್ನು ಸಿಬ್ಬಂದಿ ಎಷ್ಟು ಸಲ ತಿದ್ದಬೇಕಾಯಿತು ಎಂಬುದೂ ಹಾನಿಯ ಲೆಕ್ಕಕ್ಕೆ ಸೇರಬೇಕು.

ಒಪ್ಪಿಗೆ ಪತ್ರದಲ್ಲಿ ‘ಯಾವುದೇ ಅಪಾಯ ನಿರೀಕ್ಷಿತವಲ್ಲ’ ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಅದರ ಬದಲು ಇಷ್ಟು ಬರೆಯಬಹುದು: “ಈ ಚಿಕಿತ್ಸೆಯಿಂದ ಹೆಚ್ಚಿನವರಿಗೆ ಉಪಯೋಗವಾಗುತ್ತದೆ. ಕೆಲವರಿಗೆ ಏನೂ ವ್ಯತ್ಯಾಸವಾಗುವುದಿಲ್ಲ. ಕೆಲವರ ಸ್ಥಿತಿ ಕೆಡುವುದೂ ಉಂಟು. ಮೊದಲ ವಾರಗಳಲ್ಲಿ ದುಃಖ, ಆತಂಕ ಹೆಚ್ಚಾಗಬಹುದು. ಎರಡು ವಾರ ಕಳೆದರೂ ಅದು ಇಳಿಯದಿದ್ದರೆ ಅಥವಾ ಥೆರಪಿಸ್ಟರ ವರ್ತನೆ ಸರಿಯಿಲ್ಲ ಅನ್ನಿಸಿದರೆ, ಥೆರಪಿಸ್ಟರಿಗೆ ತಿಳಿಸದೆಯೇ ಈ ಕೆಳಗಿನ ವ್ಯಕ್ತಿಯನ್ನು ಸಂಪರ್ಕಿಸಬಹುದು.” ಆ ವ್ಯಕ್ತಿ ಸಂಶೋಧನಾ ತಂಡದ ಹೊರಗಿನವರಾಗಿರಬೇಕು.

ಸಂಪಾದಕರಲ್ಲಿ ಕೇಳುವುದು ಚಿಕ್ಕದು. ಹದಗೆಟ್ಟವರ ಸಂಖ್ಯೆಯನ್ನು ಗುಂಪುವಾರು ಕೊಡದ ಪ್ರಬಂಧವನ್ನು ವಿಮರ್ಶಕರಿಗೆ ಕಳಿಸುವ ಮುಂಚೆಯೇ ಲೇಖಕರಿಗೆ ಹಿಂದಿರುಗಿಸಿ. ಶೇಕಡಾ ಲೆಕ್ಕದಲ್ಲಿ ಭಾಗಿಸುವ ಸಂಖ್ಯೆ (ಛೇದ), ಚಿಕಿತ್ಸೆ ಮುಗಿಸಿದವರ ಸಂಖ್ಯೆಯಲ್ಲ, ಚೀಟಿ ಎತ್ತಿ ಗುಂಪಿಗೆ ಸೇರಿಸಿದವರೆಲ್ಲರ ಸಂಖ್ಯೆಯಾಗಿರಬೇಕು. ‘ಹಾನಿ ಕಂಡುಬರಲಿಲ್ಲ’ ಎಂದು ಬರೆದವರಿಂದ ಮೂರು ಸಂಗತಿ ಪಡೆಯಿರಿ: ಯಾರು ಕೇಳಿದರು, ಯಾವ ಪದಗಳಲ್ಲಿ ಕೇಳಿದರು, ಮೂರರ ನಿಯಮದಂತೆ ಆ ಸೊನ್ನೆಯ ಮೇಲ್ಮಿತಿ ಎಷ್ಟು. ಥೆರಪಿಸ್ಟರು ನಾಲ್ಕಾರು ಜನರಿದ್ದರೆ, ಹೆಸರು ಹೇಳದೆ, ಹದಗೆಟ್ಟವರು ಒಬ್ಬರ ಬಳಿಯೇ ಗುಂಪಾಗಿದ್ದಾರೆಯೇ ಎಂದೂ ಕೇಳಿ. ಪದ್ಧತಿಯದಲ್ಲದ ಹಾನಿ ಪದ್ಧತಿಯ ತಲೆಗೆ ಬರುವುದನ್ನು ಇದು ತಪ್ಪಿಸುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಾಗಿಲ್ಲ. ತಮ್ಮ ಮುಂದಿನ ಸಭೆಯ ಕಡತದಲ್ಲಿ ಒಂದಾದರೂ ಮಾತಿನ ಚಿಕಿತ್ಸೆಯ ಪ್ರೋಟೋಕಾಲ್ ಇದ್ದೀತು. ಅದರಲ್ಲಿ ‘ಹಾನಿ’ ಎಂಬ ಶೀರ್ಷಿಕೆಯ ಕೆಳಗೆ ಎಷ್ಟು ಸಾಲುಗಳಿವೆ ಎಂದು ಎಣಿಸಿ ನೋಡಿ. ಒಂದೇ ಸಾಲು ಇದ್ದರೆ, ಈ ಪತ್ರದ ಪ್ರತಿಯೊಂದಿಗೆ ಅದನ್ನು ವಾಪಸ್ ಕಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮನೋಚಿಕಿತ್ಸೆಯ ಪ್ರಯೋಗಗಳ ಪ್ರೋಟೋಕಾಲ್ ಮತ್ತು ಅಂಕಿಅಂಶ ಪರಿಶೀಲಿಸುವ ಕೆಲಸದಲ್ಲಿರುವವರು